ಲೆಮ್ ಕೂಗಿಸಿದ ಓಟು

ನನ್ನ ಹೆಂಡತಿಯ ತಮ್ಮ ಲೆಮ್ಯುಯೆಲ್ ಪ್ರೂಯಿಟ್ ಹುಟ್ಟು ಕಿವುಡ, ಹಾಗಾಗಿ ಮೂಗ. ಊರಿನವರು ಅವನನ್ನು ಲೆಮ್ ಎಂದು ಕರೆಯುತ್ತಿದ್ದರು. ಕರೆದರೆ ಅವನಿಗೆ ಕೇಳಿಸುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಕೆಂಟಕಿಯ ಲಿಕಿಂಗ್ ಹೊಳೆಯ ಕಡವಿನಲ್ಲಿ ನಾನು ದೋಣಿಯವನು, ಅವನು ನನ್ನ ಜೊತೆ ಹಗ್ಗ ಎಳೆಯುವವನು. ಈ ದಡದ ಮರದಿಂದ ಆ ದಡದ ಮರಕ್ಕೆ ದಪ್ಪ ಹಗ್ಗ ಕಟ್ಟಿರುತ್ತಿದ್ದೆವು. ಅದನ್ನು ಹಿಡಿದು ಜಗ್ಗುತ್ತಾ ಚಪ್ಪಟೆ ದೋಣಿಯನ್ನು, ಅದರ ಮೇಲಿನ ಗಾಡಿ, ಹೇಸರಗತ್ತೆ, ಹಂದಿ, ಪಾದ್ರಿ ಎಲ್ಲವನ್ನೂ ಆಚೆ ಮುಟ್ಟಿಸಬೇಕು.

ಅವನು ಮೂಗನೇ ಹೊರತು ಮಂಕನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮೂರಿನ ಅರ್ಧ ಜನಕ್ಕೆ ಇವೆರಡರ ವ್ಯತ್ಯಾಸ ಗೊತ್ತಿರಲಿಲ್ಲ. ಗುಡ್ಡ ಇಳಿದು ಗಾಡಿ ಬರುತ್ತಿದ್ದರೆ ನನ್ನ ಕಿವಿಗೆ ಬೀಳುವ ಮೊದಲು ಅವನ ಅಂಗಾಲಿಗೆ ತಿಳಿಯುತ್ತಿತ್ತು. ದೋಣಿ ಹತ್ತಲು ಒಲ್ಲೆನೆಂದು ನಿಂತ ಹೇಸರಗತ್ತೆಯ ಕುತ್ತಿಗೆಯ ಮೇಲೆ ಅವನು ಸುಮ್ಮನೆ ಕೈಯಿಟ್ಟರೆ ಅದು ಸೊಸೆಯ ಹಾಗೆ ತಲೆ ತಗ್ಗಿಸಿ ಹತ್ತುತ್ತಿತ್ತು. ಓದು ಬರಹ ಮಾತ್ರ ಇರಲಿಲ್ಲ. ಡ್ಯಾನ್‌ವಿಲ್‌ನಲ್ಲಿ ಕಿವುಡ ಮಕ್ಕಳಿಗೆ ಶಾಲೆ ಇದೆ ಎಂದು ನಾವು ಕೇಳಿದಾಗ ಅವನಿಗೆ ಮೀಸೆ ಬಂದಾಗಿತ್ತು. ಅವನಿಗಿದ್ದ ಭಾಷೆ ಅವನೂ ಅವನ ಅಕ್ಕ ಡಾರ್ಕಸಳೂ ಚಿಕ್ಕಂದಿನಲ್ಲಿ ಕಟ್ಟಿಕೊಂಡ ಕೈಸನ್ನೆ. ಮದುವೆಯಾದ ಮೇಲೆ ನಾನೂ ಕಲಿತೆ. ಕಲಿಯದಿದ್ದರೆ ಅವರಿಬ್ಬರೂ ಊಟದ ಮೇಜಿನ ಮೇಲೆ ನನ್ನನ್ನೇ ಆಡಿಕೊಂಡು ನಗುತ್ತಿದ್ದರು.

ಅವನನ್ನು ಮದುವೆಯಾದವಳು ಹೆಟ್ಟಿ. ವಟವಟ ಹುಡುಗಿ. ಜೋಳದ ರೊಟ್ಟಿ ಸುಡುತ್ತಾ, ಕಾಕಂಬಿ ಬಡಿಸುತ್ತಾ ಅವನ ಹತ್ತಿರ ದಿನವಿಡೀ ಮಾತಾಡುತ್ತಿದ್ದಳು. "ಅಲ್ಲ ಕಣೇ, ಅವನಿಗೆ ಕೇಳಿಸ್ತದಾ?" ಎಂದು ಡಾರ್ಕಸ್ ಕೇಳಿದರೆ, "ಕೇಳಿಸ್ದೇ ಇರೋರ ಹತ್ರ ಮಾತಾಡೋದೇ ಸುಖ ಕಣಕ್ಕಾ, ನಡುವೆ ಬಾಯಿ ಹಾಕಲ್ಲ. ನಿಮ್ಮೆಜಮಾನ್ರನ್ನ ನೋಡು, ಒಂದು ಹೇಳೋಕೆ ಬಿಡ್ತಾರಾ?" ಅನ್ನುತ್ತಿದ್ದಳು. ಲೆಮ್ ಅವಳ ತುಟಿಯನ್ನೇ ನೋಡುತ್ತಾ ಕೂರುತ್ತಿದ್ದ. ಅಷ್ಟು ಸುಖವಾಗಿದ್ದ ಗಂಡ ಹೆಂಡತಿಯನ್ನು ನಾನು ಕಡಿಮೆ ನೋಡಿದ್ದೇನೆ.

ಆ ವರ್ಷ ಮಾರ್ಚ್‌ನಲ್ಲಿ ಹಿಮ ಕರಗಿ ಹೊಳೆ ಉಕ್ಕಿತು. ಹೆಟ್ಟಿಗೆ ಹೆರಿಗೆ ನೋವು ಬಂದದ್ದೂ ಅದೇ ದಿನ. ಮಗು ಅಡ್ಡ ತಿರುಗಿದೆ, ನನ್ನ ಕೈಲಾಗುವುದಿಲ್ಲ ಎಂದು ಸೂಲಗಿತ್ತಿ ಹೇಳಿದಳು. ಡಾಕ್ಟರಿಗೆ ಸುದ್ದಿ ಹೇಗೋ ಮುಟ್ಟಿತು. ನಡುಮಧ್ಯಾಹ್ನ ಅವರು ಕುದುರೆಯ ಮೇಲೆ ಆಚೆ ದಡಕ್ಕೆ ಬಂದು ನಿಂತರು. ನಾವು ಈಚೆ ದಡದಲ್ಲಿ. ನಡುವೆ ಬುಡಸಮೇತ ಮರಗಳು ತೇಲಿಕೊಂಡು ಹೋಗುತ್ತಿದ್ದವು. ನಮ್ಮ ಹಗ್ಗವನ್ನು ಬೆಳಿಗ್ಗೆಯೇ ಒಂದು ಮರ ಕಿತ್ತುಕೊಂಡು ಹೋಗಿತ್ತು. ಲೆಮ್ ಕೊಡಲಿ ತಂದು ಮರ ಕಡಿದು ತೆಪ್ಪ ಕಟ್ಟಲು ಹೊರಟ. ನಾನೂ ಡಾರ್ಕಸಳೂ ಅವನ ಮೇಲೆ ಬಿದ್ದು ಹಿಡಿದುಕೊಂಡೆವು. ಡಾಕ್ಟರು ಕತ್ತಲಾಗುವವರೆಗೆ ಅಲ್ಲೇ ನಿಂತಿದ್ದರು ಪಾಪ, ಅವರಾದರೂ ಏನು ಮಾಡಿಯಾರು. ಅಷ್ಟರಲ್ಲಿ ತಾಯಿಯೂ ಹೋದಳು, ಮಗುವೂ ಹೋಯಿತು.

ಲೆಮ್ ನನ್ನನ್ನು ಯಾವತ್ತೂ ದೂರಲಿಲ್ಲ. ನೀರು ಇಳಿದ ಮೇಲೆ ಹೊಸ ಹಗ್ಗ ಕಟ್ಟಿದೆವು, ಮತ್ತೆ ಎಳೆಯಲು ಬಂದ. ಆದರೆ ಅವನ ಕೈಗೆ ಒಂದು ಹೊಸ ಸನ್ನೆ ಬಂತು. ಎರಡೂ ಕೈಯ ಬೆರಳ ತುದಿಗಳನ್ನು ಜೋಡಿಸಿ ಎದೆಯ ಮಟ್ಟಕ್ಕೆ ಎತ್ತಿ ಹಿಡಿಯುತ್ತಿದ್ದ. ಅಂದರೆ ಸೇತುವೆ.

ಈಗ ನಮ್ಮ ಓಟಿನ ವಿಷಯ ಹೇಳಬೇಕು. ಉತ್ತರ ದಕ್ಷಿಣದವರ ಯುದ್ಧಕ್ಕೆ ಮುಂಚಿನ ಕಾಲ, ಕೆಂಟಕಿಯಲ್ಲಿ ಓಟೆಂದರೆ ಬಾಯಿಯದು. ನಾಲ್ಕು ವರ್ಷಕ್ಕೊಮ್ಮೆ ಆಗಸ್ಟ್ ತಿಂಗಳ ಮೊದಲ ಸೋಮವಾರ ಗವರ್ನರ್ ಚುನಾವಣೆ. ನಮ್ಮ ಕಡೆಯ ನ್ಯಾಯಾಧಿಕಾರಿ ಮುದುಕ ಮ್ಯಾಸಿಯವರ ಜಗಲಿಯ ಮೇಲೆ ಮೇಜು ಹಾಕುತ್ತಿದ್ದರು. ಮೆಟ್ಟಿಲ ಕೆಳಗೆ ನಿಂತು ಯಾರಿಗೆ ಓಟು ಎಂದು ಎಲ್ಲರ ಎದುರಿಗೆ ಹೆಸರು ಕೂಗಬೇಕು. ಗುಮಾಸ್ತ ಬರೆದುಕೊಳ್ಳುತ್ತಾನೆ. ಮೇಜಿನ ಎರಡು ಬದಿಯಲ್ಲಿ ಎರಡು ಪಕ್ಷದ ಕಡೆಯವರು ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಯಾವ ಹೆಸರು ಬಂತೋ ಆ ಕಡೆಯವನು ಎದ್ದು, ಟೋಪಿ ತೆಗೆದು, ಬಗ್ಗಿ, "ಬಹಳ ಉಪಕಾರವಾಯ್ತು" ಅನ್ನಬೇಕು. ಅದು ರಿವಾಜು. ಎಂಥ ಹರಕು ಅಂಗಿಯವನಿಗೂ ಆ ಒಂದು ದಿನ ಒಬ್ಬ ಸಾಹುಕಾರ ಟೋಪಿ ತೆಗೆಯುತ್ತಿದ್ದ. ಮರದ ಕೆಳಗೆ ಅಳಿಲು ಮಾಂಸದ ಸಾರು ಕುದಿಯುತ್ತಿತ್ತು, ವಿಸ್ಕಿಯ ಪೀಪಾಯಿ ಬಾಯಿ ತೆರೆದಿರುತ್ತಿತ್ತು. ಯಾರು ಯಾರ ಕಡೆ ಅನ್ನುವುದು ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಮಾರನೆಯ ದಿನದಿಂದ ಅದೇ ಜನ ಒಬ್ಬರ ಹಿಟ್ಟಿನ ಗಿರಣಿಗೆ, ಇನ್ನೊಬ್ಬರ ಅಂಗಡಿಗೆ, ನನ್ನ ದೋಣಿಗೆ ಬರಲೇಬೇಕು. ಹೊಳೆಯಲ್ಲಿದ್ದು ಮೊಸಳೆಯೊಂದಿಗೆ ಎಷ್ಟು ದಿನ ಹಗೆ ಸಾಧಿಸುತ್ತೀರಿ?

ಮೂಗರಿಗೆ ಮಾತ್ರ ಕಾನೂನಿನಲ್ಲಿ ವಿನಾಯಿತಿ ಇತ್ತು. ಅವರು ಚೀಟಿ ಕೊಡಬಹುದು.

ಹೆಟ್ಟಿ ಸತ್ತ ವರ್ಷವೇ ಒಂದು ಚುನಾವಣೆ ಬಂತು. ಹ್ಯಾಡನ್ ಎಂಬವನು ನಿಂತಿದ್ದ, ಸರ್ಕಾರದ ಹಣದಲ್ಲಿ ಹೊಳೆಗಳಿಗೆಲ್ಲ ಸೇತುವೆ ಕಟ್ಟಿಸುತ್ತೇನೆ ಎಂದು ಹೇಳಿಕೊಂಡು ತಿರುಗುತ್ತಿದ್ದ. ಚುನಾವಣೆಯ ದಿನ ಕಡವಿನಲ್ಲಿ ಜನವೋ ಜನ, ನಾನು ದೋಣಿ ಬಿಟ್ಟು ಕದಲುವಂತಿರಲಿಲ್ಲ. ಲೆಮ್ ಒಬ್ಬನೇ ಹೋದ. ಅಂಗಡಿಯ ಓರಿನ್ ಗಿಲ್ ಹ್ಯಾಡನ್‌ನ ಎದುರು ಪಕ್ಷದವನು. ಚೀಟಿ ಬರೆಸಲು ತನ್ನ ಹತ್ತಿರ ಬಂದ ಲೆಮ್‌ನ ಸೇತುವೆಯ ಸನ್ನೆಯನ್ನು ಚೆನ್ನಾಗಿಯೇ ಅರ್ಥ ಮಾಡಿಕೊಂಡ. ಮಾಡಿಕೊಂಡು, ಚೀಟಿಯಲ್ಲಿ ತನ್ನ ಪಕ್ಷದವನ ಹೆಸರು ಬರೆದುಕೊಟ್ಟ.

ಲೆಮ್ ಅದನ್ನು ಹೆಮ್ಮೆಯಿಂದ ಮೇಜಿನ ಮೇಲಿಟ್ಟ. ಗುಮಾಸ್ತ ಓದಿದ. ಟೋಪಿ ತೆಗೆದು ಎದ್ದು ಬಗ್ಗಿದವನು ಗಿಲ್! ಹ್ಯಾಡನ್ ಕಡೆಯ ಕುರ್ಚಿಯಲ್ಲಿದ್ದ ಗಿರಣಿಯ ಬರ್ಡೆಟ್ ಕೂತಲ್ಲೇ ಕೂತಿದ್ದ. ಲೆಮ್‌ಗೆ ಆಗ ತಿಳಿಯಿತು. ಚೀಟಿ ಕಿತ್ತುಕೊಳ್ಳಲು ಹೋದ, ಆ ಆ ಎಂದು ಅರಚಿದ. ಕುಡಿದಿದ್ದಾನೆ ಎಂದು ಜನ ನಕ್ಕರು. ಇಬ್ಬರು ಹಿಡಿದು ಹೊರಗೆ ಬಿಟ್ಟರು.

ಮಾರನೆಯ ದಿನ ನಾನು ಗಿಲ್‌ನ ಅಂಗಡಿಗೆ ಹೋಗಿ ಕೇಳಿದೆ. ಅವನು ನಗುತ್ತಾ, "ನಿನ್ ಬಾಮೈದ ತನ್ ಕಾಲ್ ಮೇಲೆ ತಾನೇ ಕಲ್ಲು ಹಾಕ್ಕೊಳ್ತಿದ್ದ ಟ್ಯಾಕೆಟಣ್ಣ. ಸೇತುವೆ ಬಂದ್ರೆ ನಿನ್ ದೋಣಿ ಯಾರ್ ಹತ್ತಾರೆ? ನಿಮ್ ಮೂವರ ಅನ್ನ ಉಳಿಸಿದೀನಿ. ನಂಗೆ ಉಪಕಾರ ಹೇಳ್ಬೇಕಾದೋನು ನೀನು" ಅಂದ. ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಆದರೆ ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು. ಹ್ಯಾಡನ್ ಆ ಸಲ ಸೋತ.

ಮುಂದಿನ ಚುನಾವಣೆಗೆ ಹ್ಯಾಡನ್ ಮತ್ತೆ ನಿಂತ. ಅವನ ಎದುರು ಸ್ಟ್ರೋಡ್ ಎಂಬವನು. ಸ್ಟ್ರೋಡ್ ಬಂದರೆ ತೆರಿಗೆ ಇಳಿಯುತ್ತದೆ, ಸೇತುವೆ ಗೀತುವೆ ಇಲ್ಲ. ಆ ಬೇಸಿಗೆಯಲ್ಲಿ ಹ್ಯಾಡನ್ ಕಡೆಯವರು ನಮ್ಮ ದಡಕ್ಕೇ ಬಂದು ಗೂಟ ಹೊಡೆದು ಅಳತೆ ಮಾಡಿ ಹೋದರು. ಲೆಮ್ ಹೊತ್ತಾರೆ ಎದ್ದವನೇ ಹೋಗಿ ಆ ಗೂಟಗಳನ್ನು ಮುಟ್ಟಿ ನೋಡುತ್ತಿದ್ದ.

ಚುನಾವಣೆಯ ಹಿಂದಿನ ದಿನ, ಭಾನುವಾರದ ಊಟಕ್ಕೆ ಕೂತಿದ್ದೆವು. ಲೆಮ್ ಚಮಚ ಕೆಳಗಿಟ್ಟು ಅಕ್ಕನಿಗೆ ಸನ್ನೆ ಮಾಡಿದ. ಚೀಟಿ ಬೇಡ. ಎಲ್ಲರ ಹಾಗೆ ನನ್ನದನ್ನೂ ಕೂಗಬೇಕು. ನೀನು ಬಂದು ಕೂಗು.

"ನಾನಾ?" ಡಾರ್ಕಸ್ ಬಾಯಿಂದಲೂ ಕೈಯಿಂದಲೂ ಒಟ್ಟಿಗೇ ಕೂಗಾಡಿದಳು. "ನನ್ ಬಾಯಲ್ಲಿ ಹ್ಯಾಡನ್ ಹೆಸರು ಬರ್ಬೇಕಾ? ಸೇತುವೆ ಬಂದ್ಮೇಲೆ ನಾವು ಮಣ್ಣು ತಿನ್ನೋದಾ? ಇವ್ರನ್ನ ನೋಡೋ, ದೋಣಿ ಬಿಟ್ರೆ ಇವ್ರಿಗೆ ಇನ್ನೇನ್ ಬರ್ತದೆ? ಒಂದು ಕೋಳಿಗೂಡು ನೆಟ್ಟಗೆ ಕಟ್ಟೋಕೆ ಬರಲ್ಲ!"

"ಕೋಳಿಗೂಡಿನ ವಿಷ್ಯ ಈಗ್ಯಾಕೆ?" ಅಂದೆ.

"ನೀವು ಸುಮ್ನಿರಿ."

ಲೆಮ್ ಬೆರಳ ತುದಿ ಜೋಡಿಸಿ ಸೇತುವೆ ತೋರಿಸಿದ. ಆಮೇಲೆ ತೋಳನ್ನು ಮಡಿಸಿ ಮಗುವನ್ನು ತೂಗುವ ಹಾಗೆ ಒಂದೇ ಒಂದು ಸಲ ತೂಗಿದ. ಡಾರ್ಕಸ್ ಎದ್ದು ಹೋಗಿ ಒಲೆಯ ಹತ್ತಿರ ನಮಗೆ ಬೆನ್ನು ಮಾಡಿ ರಾತ್ರಿಯ ರೊಟ್ಟಿಗೆ ಹಿಟ್ಟು ಕಲಸತೊಡಗಿದಳು. ತಿರುಗಿ ಬಂದಾಗ ಕಣ್ಣು ಕೆಂಪಗಿದ್ದವು.

"ಬರ್ತೀನಿ ಅಂತ ಹೇಳ್ರೀ ಅವನಿಗೆ," ಅಂದಳು ನನಗೆ. "ನನ್ ಕೈ ಹಿಟ್ಟಾಗಿದೆ."

ಆ ಸೋಮವಾರ ಬೆಳಿಗ್ಗೆ ಮೊದಲ ದೋಣಿಗೂ ಮುಂಚೆ ನಾನು ಹೋಗಿ ನನ್ನ ಓಟು ಕೂಗಿ ಬಂದೆ. ಸ್ಟ್ರೋಡ್‌ಗೆ. ಅದರಲ್ಲಿ ಮುಚ್ಚುಮರೆ ಏನಿದೆ, ಊರೆಲ್ಲ ಕೇಳಿದೆ. ಹೆಟ್ಟಿ ನೆನಪಾಗಲಿಲ್ಲವೇ ಎಂದು ನೀವು ಕೇಳಬಹುದು. ನೆನಪಾದಳು. ಆದರೆ ದಿನಾ ಬೆಳಗಾದರೆ ಹೊಟ್ಟೆಯೂ ನೆನಪಾಗುತ್ತದಲ್ಲ. ಗಿಲ್ ಎದ್ದು ಟೋಪಿ ತೆಗೆದು, ಸೊಂಟ ಮುರಿಯುವಷ್ಟು ಬಗ್ಗಿ, "ಬಹಳ ಉಪಕಾರವಾಯ್ತು ಟ್ಯಾಕೆಟಣ್ಣ" ಅಂದ.

ಬಿಸಿಲು ಏರಿದ ಮೇಲೆ ದೋಣಿಯನ್ನು ಕಟ್ಟಿಹಾಕಿ ಅಕ್ಕ ತಮ್ಮಂದಿರ ಜೊತೆ ಮತ್ತೆ ಹೋದೆ. ಆಚೆ ದಡದಲ್ಲಿ ಕಾಯುತ್ತಿದ್ದವರು ನನ್ನ ಏಳು ತಲೆಮಾರಿಗೂ ಸಹಸ್ರನಾಮ ಹಾಡಿದರು. ಮ್ಯಾಸಿಯವರ ಅಂಗಳಕ್ಕೆ ಚುನಾವಣೆಯ ದಿನ ಹೆಂಗಸು ಕಾಲಿಟ್ಟದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ವಿಸ್ಕಿಯ ಲೋಟಗಳು ಅರ್ಧದಲ್ಲೇ ನಿಂತವು. ಬೇಲಿಯ ಆಚೆ ಧಣಿಗಳ ಕುದುರೆ ಹಿಡಿದು ನಿಂತಿದ್ದ ಗುಲಾಮರೂ ಕತ್ತೆತ್ತಿ ನೋಡಿದರು.

ಡಾರ್ಕಸ್ ನೇರವಾಗಿ ಮೆಟ್ಟಿಲ ಬುಡಕ್ಕೆ ಹೋದಳು. "ನನ್ ತಮ್ಮನ ಓಟು ಕೂಗೋಕೆ ಬಂದಿದೀನಿ ಸ್ವಾಮಿ."

ಮುದುಕ ಮ್ಯಾಸಿ ಕನ್ನಡಕ ಏರಿಸಿದರು. "ಮೂಗರು ಚೀಟಿ ಕೊಡ್ಬಹುದು ಅಂತ ಕಾನೂನಿದೆ ತಾಯಿ."

"ಕೊಡ್ಬಹುದು ಅಂತಿದೆ. ಕೊಡ್ಲೇಬೇಕು ಅಂತಿದ್ಯಾ? ಹೋದ ಸಲ ಕೊಟ್ಟ ಚೀಟಿ ಏನಾಯ್ತು ಅಂತ ಈ ಗಿಲ್‌ನ ಕೇಳಿ."

ಗಿಲ್ ಆಕಾಶ ನೋಡಿದ. ಮ್ಯಾಸಿಯವರು ಪುಸ್ತಕ ತೆಗೆದು ಬೆರಳಿಟ್ಟು ಓದಿ, ಗುಮಾಸ್ತನ ಹತ್ತಿರ ಪಿಸುಗುಟ್ಟಿ, ಮೂಗು ಒರೆಸಿಕೊಂಡು, ಕೊನೆಗೆ ಹೇಳಿದರು: "ಕೂಗ್ಸೋಕೆ ನನ್ನ ಅಡ್ಡಿ ಇಲ್ಲ. ಆದ್ರೆ ಓಟಿಲ್ದೋರ ಬಾಯಿ ಈ ಮೇಜಿನ ಮುಂದೆ ನಡಿಯಲ್ಲಮ್ಮ. ಇಲ್ಲಿ ಓಟಿರೋ ಗಂಡಸು ಯಾರಾದ್ರೂ ಅವನ ಪರವಾಗಿ ಬೈಬಲ್ ಮುಟ್ಟಿ ಹೇಳ್ಲಿ."

"ಅಲ್ಲ ಸ್ವಾಮಿ, ಅವನು ಹುಟ್ಟಿದಾಗ್ನಿಂದ ಅವನ ಬಾಯಿ ನಾನು! ನನಗೆ ಬಾಯಿದೆ, ಓಟಿಲ್ಲ. ಅವನಿಗೆ ಓಟಿದೆ, ಬಾಯಿಲ್ಲ. ಇಬ್ರೂ ಸೇರಿದ್ರೂ ನಿಮ್ ಲೆಕ್ಕಕ್ಕೆ ಒಬ್ಬ ಮನುಷ್ಯ ಆಗಲ್ವಾ?"

ಯಾರೋ ನಕ್ಕರು. ಬೇಲಿಯ ಆಚೆಯವರು ನಗಲಿಲ್ಲ. ಬಾಯಿದ್ದೂ ಓಟಿಲ್ಲದವರು ಅಲ್ಲಿ ನನ್ನ ಹೆಂಡತಿಯೊಬ್ಬಳೇ ಆಗಿರಲಿಲ್ಲವಲ್ಲ. ಇದು ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ, ಆವತ್ತಲ್ಲ. ಮ್ಯಾಸಿಯವರು ತಲೆಯಾಡಿಸಿದರು. ಡಾರ್ಕಸ್ ತಮ್ಮನಿಗೆ ಎಲ್ಲವನ್ನೂ ಕೈಯಲ್ಲಿ ಹೇಳಿದಳು.

ಗಿರಣಿಯ ಬರ್ಡೆಟ್ ಕುರ್ಚಿಯಿಂದ ಎದ್ದ. "ನಾನ್ ಹೇಳ್ತೀನಿ ಅದಕ್ಕೇನಂತೆ. ಅವನು ನಮ್ ಕಡೆಯೋನು ಅಂತ ಊರಿಗೇ ಗೊತ್ತು."

ಲೆಮ್ ಬೇಡವೆಂದು ತಲೆಯಾಡಿಸಿದ. ಒಂದು ಪಕ್ಷದವನು ತನಗೆ ಬೇಕಾದ ಹೆಸರು ಬರೆದು ಕೊಟ್ಟಾಗಿತ್ತು. ಇನ್ನೊಂದು ಪಕ್ಷದವನು ತನಗೆ ಬೇಕಾದ ಹೆಸರು ಕೂಗುವುದೂ ಅವನಿಗೆ ಬೇಕಿರಲಿಲ್ಲ. ನೆರೆದ ಗಂಡಸರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದ. ನಾನು ಸಾರಿನ ಕಡಾಯಿಯ ಪಕ್ಕ, ಆದಷ್ಟು ಹಿಂದೆ ನಿಂತಿದ್ದೆ. ಅವನು ನೇರವಾಗಿ ಅಲ್ಲಿಗೆ ಬಂದ. ನನ್ನ ತೋಳು ಹಿಡಿದು ಮೆಟ್ಟಿಲ ಬುಡಕ್ಕೆ ಕರೆದುಕೊಂಡು ಹೋದ. ನನ್ನ ಮುಂದೆ ನಿಂತು ಬೆರಳ ತುದಿ ಜೋಡಿಸಿ ಎತ್ತಿ ಹಿಡಿದ.

ಗಿಲ್ ನಕ್ಕ. "ಭಲೇ! ಹುಡುಕಿ ಹುಡುಕಿ ಹಿಡ್ದ ನೋಡು. ಟ್ಯಾಕೆಟಣ್ಣ, ಬೆಳಿಗ್ಗೆ ಒಂದು ಬಾಯಿ, ಮಧ್ಯಾಹ್ನ ಒಂದು ಬಾಯಿ ಆಗ್ಬಾರ್ದಪ್ಪ. ಮೂಗನ ಕೈ ತಿರುಗಿದ್ದಕ್ಕೆಲ್ಲ ಅರ್ಥ ಏನಂತ ನಮ್ಗೇನ್ ಗೊತ್ತು? ನೀನು ಏನಂದ್ರೆ ಅದೇ ಅರ್ಥ. ಅನ್ನದ ವಿಷ್ಯ, ಯೋಚ್ನೆ ಮಾಡಿ ಹೇಳು."

ಬೈಬಲ್ ನನ್ನ ಮುಂದೆ ಬಂತು. ಕೈಯಿಟ್ಟೆ. ಗಿಲ್ ಹೇಳಿದ್ದು ಸರಿ, ಆ ಸನ್ನೆಯ ಅರ್ಥ ಬಲ್ಲೆ ಎಂದು ಆಣೆಯಿಟ್ಟು ಹೇಳುವವರು ಊರಲ್ಲಿ ಎಷ್ಟು ಜನ? ಡಾರ್ಕಸಳ ಮಾತು ನಡೆಯದು ಎಂದು ಆಗಲೇ ತೀರ್ಪಾಗಿತ್ತು. ನಾನು ಸ್ಟ್ರೋಡ್ ಅಂದರೆ ಗುಮಾಸ್ತ ಸ್ಟ್ರೋಡ್ ಎಂದೇ ಬರೆಯುತ್ತಿದ್ದ. ಯೋಚನೆ ಬರಲಿಲ್ಲ ಎಂದು ಹೇಳಿದರೆ ನಾನು ದೇವರಾಗುತ್ತೇನೆ. ನಾನು ದೋಣಿಯವನು, ಬಂತು.

ಆದರೆ ನಾನು ಸುಳ್ಳು ಹೇಳಿದರೆ ಲೆಮ್‌ಗೆ ತಿಳಿಯದೆ ಇರುವಂತಿರಲಿಲ್ಲ. ಯಾರು ಏಳುತ್ತಾರೆ ಎಂದು ನೋಡಿದರೆ ಸಾಕು, ಹೋದ ಸಲ ತಿಳಿದದ್ದೂ ಹಾಗೆಯೇ. ಈ ಸಲ ಅವನು ಆ ಎರಡು ಕುರ್ಚಿಗಳ ಮೇಲಿಂದ ಕಣ್ಣು ತೆಗೆಯುವುದಿಲ್ಲ ಎಂದು ನಾನು ಅಂದುಕೊಂಡಿದ್ದೆ. ಅವನು ಮಾಡಿದ್ದೇ ಬೇರೆ. ಕೈ ಇಳಿಸಿದವನು ಜಗಲಿಗೆ ಬೆನ್ನು ಮಾಡಿ ನಿಂತುಬಿಟ್ಟ. ಮೇಜನ್ನೂ ನೋಡಲಿಲ್ಲ, ಕುರ್ಚಿಗಳನ್ನೂ ನೋಡಲಿಲ್ಲ, ನನ್ನ ತುಟಿಯನ್ನೂ ನೋಡಲಿಲ್ಲ. ಬೇಲಿಯ ಆಚೆ, ಇಳಿಜಾರಿನ ಕೆಳಗೆ ಹೊಳೆ ಕಾಣುತ್ತಿತ್ತು, ಅದನ್ನು ನೋಡುತ್ತಾ ನಿಂತ.

"ಹ್ಯಾಡನ್," ಅಂದೆ.

"ಕೇಳಿಸ್ಲಿಲ್ಲ," ಅಂದ ಗುಮಾಸ್ತ.

"ಲೆಮ್ಯುಯೆಲ್ ಪ್ರೂಯಿಟ್‌ನ ಓಟು ಹ್ಯಾಡನ್‌ಗೆ!" ಆಚೆ ದಡದವರನ್ನು ಕರೆಯುವ ದನಿಯಲ್ಲಿ ಕೂಗಿದೆ. ನನ್ನ ಜೀವಮಾನದಲ್ಲಿ ಅಷ್ಟು ಜೋರಾಗಿ ಯಾರ ಹೆಸರನ್ನೂ ಕೂಗಿಲ್ಲ. ಬೆಳಿಗ್ಗೆ ನನ್ನ ಸ್ವಂತ ಓಟನ್ನು ಅದರ ಅರ್ಧ ದನಿಯಲ್ಲೂ ಹೇಳಿರಲಿಲ್ಲ.

ಬರ್ಡೆಟ್ ಎದ್ದು ಟೋಪಿ ತೆಗೆದು ನನ್ನ ಕಡೆಗೆ ಬಗ್ಗಿದ. "ನಂಗಲ್ಲ ಕಣಯ್ಯಾ, ಅವನಿಗೆ!" ಅಂದೆ. ಬರ್ಡೆಟ್ ದಪ್ಪ ಮನುಷ್ಯ. ಪಾಪ, ಮೆಟ್ಟಿಲಿಳಿದು, ಲೆಮ್‌ನನ್ನು ಸುತ್ತು ಹಾಕಿ, ಅವನ ಎದುರಿಗೆ ಹೋಗಿ ಬಗ್ಗಿ, "ಬಹಳ ಉಪಕಾರವಾಯ್ತು ಪ್ರೂಯಿಟ್ ಅವರೇ" ಅಂದ. ಊರಿನಲ್ಲಿ ಯಾರೂ ಅವನನ್ನು ಪ್ರೂಯಿಟ್ ಅವರೇ ಎಂದು ಕರೆದಿರಲಿಲ್ಲ. ಲೆಮ್ ತನ್ನ ಹುಲ್ಲಿನ ಟೋಪಿ ತೆಗೆದು ತಾನೂ ಬಗ್ಗಿದ.

ಹ್ಯಾಡನ್ ಗೆದ್ದ. ನಮ್ಮ ಕಡೆ ಸೋತಿದ್ದ, ರಾಜ್ಯದಲ್ಲಿ ಗೆದ್ದ. ಸೇತುವೆ ಏನೂ ಕೂಡಲೇ ಬರಲಿಲ್ಲ, ಸರ್ಕಾರದ ಕೆಲಸ ನಿಮಗೆ ಗೊತ್ತೇ ಇದೆ. ಬಂದಾಗ ನನ್ನ ದೋಣಿ ಹೋಯಿತು. ಡಾರ್ಕಸ್ ಹೆದರಿದಷ್ಟು ಕಷ್ಟವೂ ಆಯಿತು. ಎರಡು ಚಳಿಗಾಲ ಜೋಳದ ಗಂಜಿಯಲ್ಲೇ ಕಳೆದೆವು. ಆಮೇಲೆ ನಾನೂ ಲೆಮ್ಮೂ ಬರ್ಡೆಟ್‌ನ ಗಿರಣಿಗೆ ಮೂಟೆ ಹೊರಲು ಹೋದೆವು. ಸಿಟ್ಟು ಬಂದ ದಿನಗಳಲ್ಲಿ ಡಾರ್ಕಸ್, "ಕೂಗಿದೋರು ನೀವೇ ಅಲ್ವಾ, ತಿನ್ನಿ" ಎಂದು ಗಂಜಿಯ ಬಟ್ಟಲನ್ನು ನನ್ನ ಮುಂದೆ ಕುಕ್ಕುತ್ತಿದ್ದಳು. ಆದರೆ ಒಳ್ಳೆಯ ತುಂಡು ಇದ್ದರೆ ಅದು ನನ್ನ ಬಟ್ಟಲಿನಲ್ಲೇ ಇರುತ್ತಿತ್ತು. ಲೆಮ್ ಅರವತ್ತು ದಾಟಿ, ಕಾಯಿಲೆಯೆಂದು ಒಂದು ದಿನವೂ ಮಲಗದೆ, ಮೂಟೆಯ ಪಕ್ಕದಲ್ಲಿ ಕೂತಲ್ಲೇ ಹೋದ. ಮತ್ತೆ ಮದುವೆಯಾಗಲಿಲ್ಲ.

ಆ ಸೋಮವಾರ ಮನೆಗೆ ಬರುವ ದಾರಿಯಲ್ಲಿ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ಮೂವರೂ ಹೊಳೆಯ ಕಡೆ ಇಳಿಯುತ್ತಿದ್ದೆವು. ನನಗೆ ತಡೆಯಲಾಗಲಿಲ್ಲ. "ಯಾಕೆ ಬೆನ್ನು ತಿರುಗಿಸ್ದ ಅಂತ ಕೇಳೇ ಅವನನ್ನ" ಅಂದೆ. ನಾನೇ ಕೇಳಬಹುದಿತ್ತು, ಕೈ ಏಳಲಿಲ್ಲ. ಡಾರ್ಕಸ್ ಕೇಳಿದಳು. ಲೆಮ್ ನಡೆಯುತ್ತಲೇ ಒಂದೆರಡು ಸಲ ಕೈ ಆಡಿಸಿದ, ಅಷ್ಟು ಸಣ್ಣ ವಿಷಯವನ್ನು ಕೇಳುತ್ತಾರಲ್ಲ ಎಂಬಂತೆ.

"ಏನಂತೆ?"

ಡಾರ್ಕಸ್ ಕೊರಳವಸ್ತ್ರದಿಂದ ಮುಖ ಒರೆಸಿಕೊಂಡಳು. "'ನನ್ ಬಾಯಿ ಏನ್ ಹೇಳ್ತು ಅಂತ ನಾನ್ಯಾಕೆ ತಿರುಗಿ ನೋಡ್ಲಿ' ಅಂತಾನೆ," ಅಂದಳು.